ಕಿರುಗುಟ್ಟುವ ಗೇಟು

ಈ ಗೇಟಿನ ಹಿಂದೆ ತೋಟವಿಲ್ಲ,
ಮುಂದೆ ದಾರಿಯೂ ಇಲ್ಲ.
ಎರಡು ಕಂಬ, ಆರು ಪಟ್ಟಿ, ಹಸಿರು ಬಣ್ಣ,
ಬಟ್ಟೆಯ ಗುಲಾಬಿ ಹದಿನಾಲ್ಕು.
ಎಣಿಸಿ ಕಟ್ಟುವುದು, ಎಣಿಸಿ ಬಿಚ್ಚುವುದು ನನ್ನ ಕೆಲಸ.
ಸೋಮವಾರ ಒಂದು ಊರು, ಭಾನುವಾರ ವ್ಯಾನು.

ನಾಟಕ ಇನ್ನೂರು ವರ್ಷ ಹಳೆಯದು.
ಅವನು ಮೂರು ಸಲ ಬಂದು ಕೇಳುತ್ತಾನೆ,
ಅವಳು ಎರಡು ಸಲ ಒಲ್ಲೆ ಅನ್ನುತ್ತಾಳೆ.
ನಡುವೆ ಒಬ್ಬ ಕಿವುಡ ಚಿಕ್ಕಪ್ಪ, ಅದಲುಬದಲಾದ ಪತ್ರ,
ಸಾವಿರವಲ್ಲದಿದ್ದರೂ ಮುನ್ನೂರಾದರೂ ಸುಳ್ಳು.
ಕೊನೆಗೆ ಒಪ್ಪುತ್ತಾಳೆಂದು
ಟಿಕೆಟು ಹರಿಯುವ ಹುಡುಗನಿಗೂ ಗೊತ್ತು.
ಆದರೂ ಮೂರನೆಯ ಸಲ ಅವನು ಹ್ಯಾಟು ತೆಗೆದಾಗ
ಯಾರೂ ಕೆಮ್ಮುವುದಿಲ್ಲ.

ಬೆರಿಕ್‌ನಲ್ಲಿ ವ್ಯಾನಿನ ಚಾವಣಿ ಸೋರಿ
ಬಿಜಾಗರಿಗೆ ತುಕ್ಕು ಹಿಡಿಯಿತು.
ಟೋಬಿ ಕಳ್ಳಹೆಜ್ಜೆಯಲ್ಲಿ ಬಂದು
ಯಾರಿಗೂ ಕೇಳದಂತೆ ಗೇಟು ತಳ್ಳಿದರೆ
ಕಿರ್ರ್ರೆಂದಿತು.
ಬಾಲ್ಕನಿಯ ತನಕ ನಗು.
ನಿರ್ದೇಶಕಿ ಪೆನ್ಸಿಲಿನಲ್ಲಿ ಬರೆದುಕೊಂಡಳು: ಸದ್ದು, ಇರಲಿ.
ಅಂದಿನಿಂದ ಅದೂ ಒಂದು ಪಾತ್ರ.
ಕೆಂಡಲ್‌ನಲ್ಲಿ ನಗು ತಟ್ಟನೆ,
ಕಾರ್ಲೈಲ್‌ನಲ್ಲಿ ಒಂದು ಉಸಿರು ತಡ,
ಹೆಕ್ಸಮ್‌ನಲ್ಲಿ ಮೊದಲು ಹಿಂದಿನ ಸಾಲು, ಆಮೇಲೆ ಪಾದ್ರಿ.

ವೈಟ್‌ಹೇವನ್‌ನಲ್ಲಿ, ಗುರುವಾರ,
ಬೆಣ್ಣೆಯಲ್ಲಿ ಕೂದಲು ತೆಗೆದಂತೆ
ಗೇಟು ತೆರೆದುಕೊಂಡಿತು.
ಟೋಬಿ ನಿಂತೇಬಿಟ್ಟ.
ನಗು ಇರಬೇಕಾದ ಜಾಗದಲ್ಲಿ
ಬಂದರಿನ ಗಾಳಿ, ಎಲ್ಲೋ ಒಂದು ತಗಡು.
ನೆಲ್ ಕಿಟಕಿಯಿಂದ ಇಣುಕಿ
ಆಗದ ಸದ್ದಿಗೆ "ಯಾರದು?" ಎಂದಳು.
ಬೇರೆ ಏನು ತಾನೇ ಹೇಳಿಯಾಳು?

ವಿಂಗಿನ ಕತ್ತಲಲ್ಲಿ ಆ ಥಿಯೇಟರಿನ ಕಾವಲುಗಾರ,
ಬ್ರೇತ್‌ವೇಟ್, ಅರವತ್ತೊಂದು ವರ್ಷ,
ಕೈಯಲ್ಲಿ ಎಣ್ಣೆ ಡಬ್ಬಿ,
ಮೊದಲ ಬಹುಮಾನ ಬಂದ ಹುಡುಗನ ಮುಖ.
"ಬೆಳಿಗ್ಗೆ ನೀವು ಎತ್ತಿ ನಿಲ್ಲಿಸುವಾಗ
ನೋವಾದ ಹಾಗೆ ಕೂಗ್ತಿತ್ತು, ಮಿಸ್ ಡಫೀಲ್ಡ್.
ನಿಮಗೂ ಒಂದಿಷ್ಟು ಹಗುರ ಆಗಲಿ ಅಂತ..."

ನಾನು ಅಂದದ್ದನ್ನೆಲ್ಲ ಇಲ್ಲಿ ಬರೆಯುವುದಿಲ್ಲ.
ಅದರಲ್ಲಿ ಅಧಿಕಪ್ರಸಂಗಿ ಎಂಬ ಮಾತೂ ಇತ್ತು.
ಅವನು ಟೋಪಿ ತೆಗೆದ.
ನಿಜವಾದ ಟೋಪಿ, ಉಣ್ಣೆಯದು,
ಕಿವಿಯ ಹತ್ತಿರ ಬೇರೆ ಬಣ್ಣದ ನೂಲಿನ ಹೊಲಿಗೆ,
ಗಂಡಸಿನ ಕೈಯ ಹೊಲಿಗೆ.
ಎಣ್ಣೆ ಬಂದಾಗ ಕಣ್ಣು ಮುಚ್ಚಿಕೊಂಡವರುಂಟು.
ನಾನು ಬಾಯಿ ಬೇರೆ ತೆರೆದೆ.

ಶುಕ್ರವಾರ ಜಾಮ್ ಬಾಟಲಿಯಲ್ಲಿ ಸಮುದ್ರದ ನೀರು ತಂದ,
ವಿನೆಗರ್ ತಂದ, ಉಪ್ಪು ತಂದ.
ತುಕ್ಕು ಹಿಡಿಸಲು ಇಬ್ಬರೂ ಮೊಣಕಾಲೂರಿ ಕೂತೆವು,
ಯಾವುದೋ ಪೂಜೆಗೆ ಕೂತವರಂತೆ.
ಆ ರಾತ್ರಿ ಬಿಜಾಗರಿ "ಹ್ಮ್" ಎಂದಿತು, ಅಷ್ಟೇ.
ಶನಿವಾರ ಕಿರುಗಿತು.
ಮೊದಲಿನ ದನಿಯಲ್ಲ, ಒಂದು ಮಟ್ಟ ಕೆಳಗೆ,
ಮಾತಾಡುವ ಮುಂಚೆ ಗಂಟಲು ಸರಿಮಾಡಿಕೊಂಡಂತೆ.
ಜನ ಬಿದ್ದು ಬಿದ್ದು ನಕ್ಕರು.
ವಿಂಗಿನಲ್ಲಿ ನಾವಿಬ್ಬರು ನಗಲಿಲ್ಲ.

"ಮೀನಂಗಡಿ ಹನ್ನೊಂದರ ತನಕ ತೆಗೆದಿರತ್ತೆ," ಅಂದ,
ರಂಗದ ಕಡೆಗೇ ನೋಡುತ್ತ.
"ಗುಲಾಬಿ ಎಣಿಸಬೇಕು," ಅಂದೆ.
ಎಣಿಸಿದೆ. ಹದಿನಾಲ್ಕು.
ಮತ್ತೆ ಎಣಿಸಿದೆ.
ಹೊರಗೆ ಅವನ ಹೆಜ್ಜೆ ಇಳಿಜಾರಿನಲ್ಲಿ ಇಳಿದು ಹೋಯಿತು.
ವ್ಯಾನಿಗೆ ಸಾಮಾನು ಏರಿಸಲು
ಬೆಳಿಗ್ಗೆ ಬಂದವನೂ ಅವನೇ, ಮಾತಿಲ್ಲದೆ.

ಓಬನ್. ಮಂಜು. ಮೆಟ್ಟಿಲ ಮೇಲೆ ಕಡಲಹಕ್ಕಿಗಳು.
ಪೆಟ್ಟಿಗೆ ತೆರೆದೆ:
ಚಿಕ್ಕಪ್ಪನ ಊದುಗೊಳವೆ, ಎರಡು ಪತ್ರ, ಒಂದೇ ಕೈಗವಸು,
ಅದರಡಿ ಪತ್ರಿಕೆಯಲ್ಲಿ ಸುತ್ತಿದ ಎಣ್ಣೆ ಡಬ್ಬಿ.
ಡಬ್ಬಿಯ ಮೇಲೆ ಪೆನ್ಸಿಲಿನಲ್ಲಿ
ಓರೆ ಅಕ್ಷರ: ಗೇಟಿಗಲ್ಲ.

ಗುಲಾಬಿ ಕಟ್ಟಲು ಕೂತೆ.
ಹದಿಮೂರು.
ಮತ್ತೆ ಎಣಿಸಲಿಲ್ಲ.