ಮೂರನೇ ಫ್ರೀಜರಿನ ಗರ

ರಾತ್ರಿ ಎರಡರಿಂದ ನಾಲ್ಕರ ತನಕ ಗ್ರಿಮ್ಸ್‌ಬಿಯಲ್ಲಿ
ಮೀನು ಬೇಕೆಂದು ಯಾರೂ ಫೋನು ಮಾಡುವುದಿಲ್ಲ.
ಆರ್ಡರ್ ಮೇಜಿನಲ್ಲಿ ನಾವು ಮೂವರು:
ಲಾರಿ ಕಳಿಸುವ ಗ್ಲೆನಿಸ್,
ಲಿಥುವೇನಿಯಾದ ರೊಲಾಂಡಾಸ್,
ಮತ್ತೆ ನಾನು ವಿಮಲಾಕ್ಷಿ. ಇಲ್ಲಿ ಬರೀ ವಿಮ್,
ಪಾತ್ರೆ ತಿಕ್ಕುವ ಪುಡಿ.

ಮೊದಲು ಬಣ್ಣದ ಗೋಲಿ ಒಡೆಯುವ ಆಟವಿತ್ತು, ಹೋಯಿತು.
ಇಸ್ಪೀಟೂ ಹೋಯಿತು.
ಹಾವು-ಏಣಿ ಎರಡು ವಾರ ಉಸಿರು ಬಿಗಿಹಿಡಿದಿತ್ತು,
ಒಂದು ಸೋಮವಾರ ತೆರೆದರೆ ಅದೇ ಕೆಂಪು ಪುಟ:
ವರ್ಗ, ಆಟ. ನಿಮ್ಮ ಪ್ರಯತ್ನ ದಾಖಲಾಗಿದೆ.
ಆಡಿದ್ದಲ್ಲ,
ಪ್ರಯತ್ನ.

ಸಮುದ್ರದ ಉಬ್ಬರವಿಳಿತದ ಪಟ್ಟಿಯನ್ನೂ ತಡೆದರು,
ಅದು ಜಲಕ್ರೀಡೆಯಂತೆ.
ಬಂದರಿನಲ್ಲೇ ಕೂತು, ನೀರು ಬಂತೇ ಹೋಯಿತೇ ಎಂದು
ಕಿಟಕಿಯ ಹಬೆ ಒರೆಸಿ ನೋಡಬೇಕಾಯಿತು.
ಫೈರ್‌ವಾಲ್ ಅನ್ನುತ್ತಾರೆ, ಬೆಂಕಿಯ ಗೋಡೆ.
ಪಕ್ಕದ ಕೋಣೆಯಲ್ಲಿ ಕಾಡ್ ಮೀನು ಕಲ್ಲಾಗಿ ಮಲಗಿದೆ,
ಬೆಂಕಿ ಕಾವಲಿರುವುದು ನಮಗೆ.

ಕಟ್ಟಿದವನು ಪೀಟರ್‌ಬರೋ ಆಫೀಸಿನ ಪಿಕರ್ಸ್‌ಗಿಲ್.
ಕಂಡವರಿಲ್ಲ. ಈಮೇಲಿನ ಅಡಿಯಲ್ಲಿ ಹೆಸರಷ್ಟೇ,
ಹರಕೆ ಮರೆತವರನ್ನು ಮಾತ್ರ ನೆನೆಯುವ ದೇವರ ಹಾಗೆ.

ಆಗ ನೆನಪಾಯಿತು ಹರಿಹರದ ರೈಲ್ವೆ ಕ್ವಾರ್ಟರ್ಸು,
ಇದ್ದಿಲಲ್ಲಿ ಗೀಚಿದ ಐದೈದಲ ಇಪ್ಪತ್ತೈದು ಮನೆ,
ಒಂದು ಕವಡೆಯನ್ನು ಬೆರಳಸಂದಿಯಲ್ಲಿ ಉಳಿಸಿಕೊಂಡು
ದೇವರಾಣೆ ಹಾಕುತ್ತಿದ್ದ ಸರಸತ್ತೆ.
ಮೂವರೂ ತೆರೆಯಬಹುದಾದ ಒಂದು ಎಕ್ಸೆಲ್ ಹಾಳೆಯಿತ್ತು,
ಹೆಸರು, ಪ್ಯಾಲೆಟ್ ಲೆಕ್ಕ ಹಳೆಯದು.
ಅದರೊಳಗೆ ಚೌಕಾಬಾರ ಬರೆದೆ.

ಕವಡೆಗೇನು ಮಾಡುವುದು?
ಮೂರನೇ ಫ್ರೀಜರಿನ ಉಷ್ಣಾಂಶ ನಿಮಿಷಕ್ಕೊಮ್ಮೆ ಬರುತ್ತದೆ,
ಚುಕ್ಕೆಯ ಆಚೆಗಿನ ಅಂಕಿಯೇ ಗರ.
ಮೈನಸ್ ಇಪ್ಪತ್ತೆರಡು ಪಾಯಿಂಟ್ ನಾಲ್ಕು, ಚೌಕ!
ಪಾಯಿಂಟ್ ಎಂಟು, ಬಾರ!
ಐದೋ ಏಳೋ ಸೊನ್ನೆಯೋ ಬಿದ್ದರೆ
ಬಾಯಿ ಮುಚ್ಚಿ ಚಹಾ ಕುಡಿ.

ನಿಯಮ ಹೇಳಿಕೊಟ್ಟೆ. ಗೀಟಿನ ಮನೆಯಲ್ಲಿ ಕೂತವರನ್ನು ಮುಟ್ಟುವಂತಿಲ್ಲ.
ಒಂದಾದರೂ ಕಾಯಿ ಕಡಿಯದವರಿಗೆ ಒಳಸುತ್ತಿಲ್ಲ.
'ಇದೂ ಪಿಕರ್ಸ್‌ಗಿಲ್ ಬರೆದದ್ದೇ,' ಎಂದಳು ಗ್ಲೆನಿಸ್.
ನಡುಮನೆ ಮುಟ್ಟಿದರೆ ಕಾಯಿ ಹಣ್ಣಾಗುತ್ತದೆ ಎಂದೆ.
ರೊಲಾಂಡಾಸ್ ಆ ಪದವನ್ನು ಬಿಸಿ ಆಲೂಗಡ್ಡೆಯಂತೆ
ಬಾಯಲ್ಲಿ ಆ ಕಡೆ ಈ ಕಡೆ ಮಾಡಿ
'ಹನ್ನು' ಎಂದ.

ನವೆಂಬರಿನ ಒಂದು ರಾತ್ರಿ ನನಗೆ ಬೇಕಿದ್ದದ್ದು ಎಂಟೇ.
ಬಿತ್ತು. ಬಾರ ಎಂದು ಕುರ್ಚಿ ಬಿಟ್ಟೆದ್ದು ಕೂಗಿದೆ.
ಗ್ಲೆನಿಸ್ ಪರದೆಗೆ ಮೂಗು ತಾಗಿಸಿ ನಿಂತಿದ್ದಳು.
ಎಂಟು ನಿಜ. ಅದರ ಹಿಂದೆ ಹದಿನೇಳು.
ಇಪ್ಪತ್ತೆರಡು ಯಾವಾಗ ಇಪ್ಪತ್ತಾಯಿತು,
ಹತ್ತೊಂಬತ್ತು ಯಾರ ಸರದಿಯಲ್ಲಿ ಕಳೆಯಿತು?
ಮುಕ್ಕಾಲು ಗಂಟೆ ಆಡಿದ್ದೆವು,
ಚುಕ್ಕೆಯ ಈಚೆ ಒಬ್ಬರೂ ನೋಡಿರಲಿಲ್ಲ.

ಅಲಾರಾಂ ಕೂಗಲಿಲ್ಲ. ಅದನ್ನೂ ಗೋಡೆ ತಡೆದಿತ್ತೋ ಏನೋ.
ರೊಲಾಂಡಾಸ್ ಜಾಕೆಟ್ಟಿಗೆ ಒಂದೇ ತೋಳು ತೂರಿಸಿ ಓಡಿದ.
ಬಾಗಿಲ ರಬ್ಬರಿಗೆ ಸಿಕ್ಕಿಕೊಂಡು ಒಂದು ಕೈಗವಸು,
ನಲವತ್ತು ಟನ್ ಹ್ಯಾಡಕ್ಕಿಗೆ
ಬೀಳ್ಕೊಡುವ ಹಾಗೆ ನೇತಾಡುತ್ತಿತ್ತಂತೆ.

ಹೇಗೆ ಗಮನಿಸಿದಿರಿ ಎಂದು ಮೇಲಿನವರು ಕೇಳಿದರು.
'ಕಣ್ಣಿಟ್ಟಿದ್ದೆವು,' ಎಂದೆ.
ತಲಾ ಒಂದು ಮಗ್ಗು ಕೊಟ್ಟರು, ಮೇಲೆ ಜಾಗರೂಕತೆ ಎಂದು ಅಚ್ಚು.
ನಾನು ಅದರಲ್ಲಿ ಪೆನ್ನು ಇಟ್ಟುಕೊಂಡಿದ್ದೇನೆ. ಕುಡಿಯಲಾಗಲಿಲ್ಲ.

ಮರುವಾರ ಹಾಳೆ ತೆರೆದರೆ
ಯಾರೂ ಕೂರದ ನಾಲ್ಕನೆಯ ಬದಿಯಲ್ಲಿ
ಹಸಿರು ಕಾಯಿಗಳು.
ಒಂದು ಆಗಲೇ ಗೀಟಿನ ಮನೆ ಬಿಟ್ಟು ಬಯಲಿಗೆ ಬಂದಿದೆ.
ತಿದ್ದಿದವರ ಹೆಸರಿಲ್ಲ. ಸಮಯ ಮೂರೂ ಹನ್ನೆರಡು,
ನಾವು ಚಹಾಕ್ಕೆ ಎದ್ದಿದ್ದ ಹೊತ್ತು.

ಅಳಿಸಿಬಿಡು ಎನ್ನುತ್ತಾಳೆ ಗ್ಲೆನಿಸ್.
ಕಡಿ ಎನ್ನುತ್ತಾನೆ ರೊಲಾಂಡಾಸ್.
ನನ್ನ ಕಾಯಿಗೆ ಅದು ಮೂರೇ ಮನೆ ದೂರ,
ನಾನಿನ್ನೂ ಯಾರನ್ನೂ ಕಡಿದವಳಲ್ಲ.

ನಿಮಿಷ ತುಂಬಿತು.
ಈಗ ಇಪ್ಪತ್ತೆರಡನ್ನು ಮೊದಲು ಓದುತ್ತೇವೆ,
ಮೂವರೂ, ಜೋರಾಗಿ,
ಮಗ್ಗಿ ಒಪ್ಪಿಸುವ ಮಕ್ಕಳಂತೆ.
ಆಮೇಲೆ ಚುಕ್ಕೆ.