ಐದು ಗೇಣು, ಮೂರು ಗೇಣು

ಹಳೇ ಪಿ.ಬಿ. ರೋಡಿನ ನಮ್ಮ ಪಾರ್ಸೆಲ್ ಆಫೀಸಿನ
ಕಾಟಾ ಕೆಟ್ಟು ಅವತ್ತಿಗೆ ಒಂಬತ್ತು ದಿನ.
ಮಂಡಕ್ಕಿ ಚೀಲಕ್ಕೆ ಕಾಟಾ ಬೇಕಿಲ್ಲ, ಎಣಿಸಿದರೆ ಸಾಕು;
ಬಟ್ಟೆ ಬಂಡಲಿನ ಮೇಲೆ ಅಂಗಡಿಯವರೇ ಬರೆದಿರುತ್ತಾರೆ.
ಮಧ್ಯಾಹ್ನ ಮೂರಕ್ಕೆ ಬಂತು ನೋಡಿ
ಆಟೋದಲ್ಲಿ, ಗೋಣಿ ಹೊದ್ದುಕೊಂಡು,
ಕೊಟ್ರಗೌಡರ ಅಂಬಾಸಡರ್ ಕಾರಿನ ಎಂಜಿನ್ ಬ್ಲಾಕು.
ಕ್ರ್ಯಾಂಕು ಇನ್ನೂ ಒಳಗೇ ಇತ್ತು.
ಪಕ್ಕೆಯಲ್ಲಿ ಕೂದಲೆಳೆಯಂಥ ಬಿರುಕು.
ಕೊಲ್ಲಾಪುರದಲ್ಲಿ ಬೀಡು ಕಬ್ಬಿಣ ಹೊಲಿಯುವವನೊಬ್ಬ
ಇದ್ದಾನಂತೆ, ಬಟ್ಟೆ ಹೊಲಿದ ಹಾಗೆ.

"ಎಪ್ಪತ್ತು ಬರ್ಕೊಳ್ರಿ" ಅಂದರು ಗೌಡರು.
ಬಾಡಿಗೆ ಕೇಜಿ ಲೆಕ್ಕ.
ಹಮಾಲಿ ಬುಡೇನ್ ಸಾಬ್ ಬೀಡಿಯನ್ನು ಕಿವಿಗೆ ಸಿಕ್ಕಿಸಿ
ಒಂದು ಮೂಲೆ ಹಿಡಿದು, ನಾಲ್ಕು ಬೆರಳು ಎತ್ತಿ, ಇಳಿಸಿ,
ಕಣ್ಣು ಮುಚ್ಚಿಕೊಂಡೇ ಹೇಳಿದ:
"ತೊಂಬತ್ತೆರಡು."
"ಹೂಂ, ತೊಂಬತ್ತು ದಾಟಿದ್ರೆ ಎರಡಾಳು ಕೂಲಿ,
ಗೊತ್ತೈತಿ ತಗೀರಿ" ಅಂದರು ಗೌಡರು.
ಸಾಬ್ ಮಾತಾಡಲಿಲ್ಲ. ಅಂಗೈಯ ಎಣ್ಣೆಯನ್ನು
ಗೋಡೆಗೆ ಒರೆಸಿದ.
ಆ ಗೋಡೆ ಇಪ್ಪತ್ತು ವರ್ಷದ ಅಂಥ ಕೈಗಳಿಂದ ಕಪ್ಪು.

ನಾನು ಗುಮಾಸ್ತ.
ಬಿಲ್ ಬುಕ್ಕಿನಲ್ಲಿ ಕಾರ್ಬನ್ ಇಟ್ಟಾಗಿತ್ತು,
ಸುಳ್ಳು ಬರೆದರೆ ಮೂರು ಪ್ರತಿಗೂ ಇಳಿಯುತ್ತದೆ.
ಗೋಡೌನಿನಿಂದ ಹಲಗೆ ತರಿಸಿದೆ, ಹನ್ನೆರಡು ಗೇಣಿನದು.
ಅದರ ನಟ್ಟನಡುವೆ ಅಡಿಗೆ ಲಾರಿ ಆಕ್ಸಲಿನ ತುಂಡು.
ಆ ಕಡೆ ಬ್ಲಾಕು. ಈ ಕಡೆ ಕೂರಲು
ತೂಕ ಗೊತ್ತಿರುವ ವಸ್ತು ಊರಿಗೊಂದೇ ಇತ್ತು:
ಮಂಗಳವಾರ ರೈಲ್ವೆ ಸ್ಟೇಷನ್ನಿನಲ್ಲಿ
ಬಣ್ಣದ ದೀಪ ತಿರುಗುವ ಯಂತ್ರ ಹತ್ತಿ
ರೂಪಾಯಿಗೊಂದು ಚೀಟಿ ಪಡೆದವನು ನಾನು.
ಐವತ್ತನಾಲ್ಕು.
ಹಿಂದುಗಡೆ ಹಿಂದಿಯಲ್ಲಿ ಭವಿಷ್ಯವೂ ಇದೆ,
ಯಾರ ಕೈಲೂ ಓದಿಸಿಲ್ಲ.

ಕೂತೆ. ಬ್ಲಾಕು ಅಲ್ಲಾಡಲಿಲ್ಲ.
ಹಿಂದೆ ಸರಿದೆ. ಇನ್ನೊಂದು ಗೇಣು.
ರಸ್ತೆಯಲ್ಲಿ ಹೋಗುತ್ತಿದ್ದ ಕಬ್ಬಿನ ಹಾಲಿನವನು
ಗಾಡಿ ನಿಲ್ಲಿಸಿ ನೋಡತೊಡಗಿದ.
ಆಮೇಲೆ, ಸದ್ದೇ ಇಲ್ಲದೆ,
ನನ್ನ ಕಾಲು ನೆಲ ಬಿಟ್ಟಿತು. ಅದೂ ಬಿಟ್ಟಿತು.
ಎಷ್ಟೋ ಮದುವೆ ದಿಬ್ಬಣ, ಎಷ್ಟೋ ಆಸ್ಪತ್ರೆಯ ರಾತ್ರಿ
ಹೊತ್ತು ತಿರುಗಿದ ಆ ಎದೆಗೂಡು ಆ ತುದಿಯಲ್ಲಿ,
ಮದುವೆಯಾಗದ ನಾನು ಈ ತುದಿಯಲ್ಲಿ,
ಒಂದು ಉಸಿರಿನಷ್ಟು ಹೊತ್ತು
ಇಬ್ಬರೂ ಗಾಳಿಯಲ್ಲಿ.

ಸಾಬ್ ತನ್ನ ಗೇಣಿನಿಂದಲೇ ಅಳೆದ:
ನಡುವಿನಿಂದ ನನಗೆ ಐದು, ಅದಕ್ಕೆ ಮೂರು.
ಐವತ್ತನಾಲ್ಕು ಐದಲೆ ಇನ್ನೂರ ಎಪ್ಪತ್ತು,
ಮೂರರಿಂದ ಭಾಗಿಸಿದರೆ
ತೊಂಬತ್ತು. ಸರೀ ತೊಂಬತ್ತು.
ಗೌಡರಿಗೆ ಇಪ್ಪತ್ತು ಕೇಜಿ ಹೋಯಿತು,
ಆದರೂ ಸಾಬ್ ಸೋತ ಖುಷಿಗೆ ಮುಖ ಅರಳಿತು.
"ಒಂದಾಳು ಕೂಲಿ" ಅಂದರು.

ಸಾಬ್ ನನ್ನ ಸೊಂಟವನ್ನೇ ನೋಡುತ್ತಿದ್ದ.

ಇಳಿಯುವಾಗ ಹಲಗೆಗೆ ಬಡಿದು ಝಲ್ಲೆಂದಿತು
ಗೋಡೌನಿನ ಕೀಲಿ ಗೊಂಚಲು:
ಏಳು ಬೀಗ, ಎರಡು ಶಟರು,
ತಿಜೋರಿಯದೊಂದು, ಯಾವುದರದೋ ಗೊತ್ತಿಲ್ಲದ ಮೂರು.
ಮಂಗಳವಾರ ನನಗೆ ರಜೆ. ಅದು ನನ್ನ ಸೊಂಟದಲ್ಲಿರಲಿಲ್ಲ.
ಒಂದೂಕಾಲು ಕೇಜಿ ಇದ್ದೀತು.
ಐದಲೆ ಆರೂಕಾಲು, ಮೂರರಿಂದ ಭಾಗಿಸಿ,
ಎರಡು, ಮೇಲೆ ಚೂರು.

ಬರೆದೆ, ಒತ್ತಿ, ಮೂರು ಪ್ರತಿಗೂ ಇಳಿಯುವಂತೆ:
ಎಂಜಿನ್ ಬ್ಲಾಕ್, ಹಳೆಯದು, ಒಂದು.
ತೂಕ ತೊಂಬತ್ತೆರಡು.
ಕೈ ರೂಢಿಯಲ್ಲಿ ಪಕ್ಕಕ್ಕೆ "ಅಂದಾಜು" ಅಂತ ಬರೆಯಿತು.
ಅದನ್ನು ಹೊಡೆದು ಹಾಕಿದೆ.
ಗೌಡರು ಚೀಟಿ ಓದುವ ಹೊತ್ತಿಗೆ
ಬುಡೇನ್ ಸಾಬ್ ಇನ್ನೊಬ್ಬ ಆಳನ್ನು ಕೂಗಿದ್ದ.