ಉದ್ದ ಮೇಜಿಗೆ ಆರು ಪೌಂಡ್ ಹೆಚ್ಚು

ಲೆಸ್ಟರಿನಲ್ಲಿ ಒಂದು ಕಾಲಕ್ಕೆ ಕಾಲುಚೀಲ ಹೆಣೆಯುತ್ತಿದ್ದ ಕಾರ್ಖಾನೆ
ಈಗ ಮದುವೆಯ ಹಾಲು.
ಗೋಡೆಯ ಇಟ್ಟಿಗೆ ಬೆತ್ತಲೆ. ಅದೇ ಚಂದವಂತೆ,
ಗಾರೆ ಬಳಿಯದಿದ್ದಕ್ಕೆ ಬಾಡಿಗೆ ಜಾಸ್ತಿ.

ಹೇಜಲ್ ಎಂಬಾಕೆ ಐಪ್ಯಾಡಿನಲ್ಲಿ
ಈ ವರ್ಷದ ಮದುವೆಗಳನ್ನು ತೋರಿಸಿದಳು:
ಒಣಗಿದ ಪಂಪಾಸ್ ಹುಲ್ಲು, ಕಟ್ಟಿಗೆ ನಲವತ್ತು ಪೌಂಡ್,
ನಮ್ಮ ಕಡೆ ಎತ್ತು ಕೂಡ ಮೂಸಿ ನೋಡಿ ಬಿಡುವಂಥದು.
ಹೆಸರು ಬರೆದ ಗುಲಾಬಿ ನಿಯಾನ್ ದೀಪ,
ಮೋಡದ ಮೇಲೆ ನಡೆದಂತೆ ಕಾಣಲು ಹೊಗೆಯ ಯಂತ್ರ,
ಮೂಲೆಯಲ್ಲಿ ನಿಂತು, ಮದುವೆ ಮುಗಿಯುವುದರೊಳಗೆ
ಮದುವೆಯದೇ ಚಿತ್ರ ಬರೆದು ಮುಗಿಸುವ ಕಲಾವಿದ.
ಬಣ್ಣ? ಸೇಜ್ ಹಸಿರು, ಅಂದಳು.
ನೋಡಿದೆ. ಮೊನ್ನೆ ಮಾಡಿದ ಮೆಂತ್ಯದ ಪಲ್ಯದ ಬಣ್ಣ.

ನಿಹಾರಿಕಾ ನನ್ನ ಮೈದುನನ ಮಗಳು. ಅವಳಿಗಾಗಿ
ಎಲ್ಲಕ್ಕೂ ಹೂಂ ಅಂದೆವು.
ತೊಡಕಾದದ್ದು ಮೇಜು.

ದುಂಡು ಮೇಜು ಹದಿನೆಂಟು, ಒಂದೊಂದಕ್ಕೆ ಹತ್ತು ಜನ.
ಅಡಿಗೆಮನೆಯ ನೆಲದ ಮೇಲೆ ಹದಿನೆಂಟು ತಟ್ಟೆ ಹರಡಿ
ಚೀಟಿಯಲ್ಲಿ ಹೆಸರು ಬರೆದು
ಬಡಿಸಿದೆ ಮನುಷ್ಯರನ್ನು.

ಕ್ಯಾಲಮ್‌ನ ಅಜ್ಜಿ ಸ್ಪೀಕರಿಗೆ ದೂರ, ಟಾಯ್ಲೆಟ್ಟಿಗೆ ಹತ್ತಿರ.
ಅವನ ಅಪ್ಪ, ಅಪ್ಪನ ಮೊದಲ ಹೆಂಡತಿ, ಎರಡನೆಯ ಹೆಂಡತಿ
ಒಂದೇ ತಟ್ಟೆಗೆ. ಅವರೇ ಕೇಳಿಕೊಂಡದ್ದು;
ನಾಯಿಯನ್ನು ಸರದಿಯಲ್ಲಿ ಸಾಕುತ್ತಾರಂತೆ.
ಜಗಳ ನಮ್ಮದು.

ಗುರುಸಿದ್ದಪ್ಪ ಭಾವ, ಮಲ್ಲೇಶಪ್ಪ ಭಾವ.
ನಾರ್ಬರೋ ರಸ್ತೆಯ ಅಂಗಡಿ ಮಾರಿದ ದಿನ
ಐಸ್‌ಕ್ರೀಮಿನ ಫ್ರೀಜರ್ ಯಾರಿಗೆ ಎಂದು ಎದ್ದ ಮಾತು
ಹದಿನಾಲ್ಕು ವರ್ಷದಿಂದ ಹೆಪ್ಪುಗಟ್ಟಿದೆ.
ಫ್ರೀಜರ್ ಕೆಟ್ಟು ಗುಜರಿಗೆ ಹೋಗಿ ಹನ್ನೆರಡಾಯಿತು.

ಒಬ್ಬರನ್ನು ಮೂರನೆಯ ತಟ್ಟೆಗೆ ಹಾಕಿದರೆ
ಇನ್ನೊಬ್ಬರು ಹನ್ನೊಂದಕ್ಕೆ ಬೀಳುತ್ತಾರೆ.
ಹನ್ನೊಂದೆಂದರೆ ಆಫೀಸಿನವರು, ಫೋಟೋದವರು, ಮರ್ಯಾದೆ ಪ್ರಶ್ನೆ.
ಇಬ್ಬರನ್ನೂ ಮೂರಕ್ಕೇ ಹಾಕಿದರೆ
ದುಂಡಿನ ಗುಣವೇ ಅದು, ಎಲ್ಲಿ ಕೂತರೂ ಎದುರಾಗುತ್ತಾರೆ.
ರಾತ್ರಿ ಎರಡರ ತನಕ ಮೊಣಕಾಲೂರಿ
ಎರಡು ಚೀಟಿ ಹಿಡಿದು ತಟ್ಟೆ ತಟ್ಟೆಗೂ ಅಲೆದೆ.

ಆಗ ನೆನಪಾಯಿತು, ಪಂಕ್ತಿ.
ಪಂಕ್ತಿಯಲ್ಲಿ ಕೂತವನಿಗೆ ಎದುರಿಗೆ ಎಲೆ ಮಾತ್ರ.
ಪಕ್ಕದವನು ದಾಯಾದಿಯಾದರೂ ಬರೀ ಒಂದು ಮೊಣಕೈ.
ಕೋರ್ಟಿನಲ್ಲಿ ದಾವೆ ಹೂಡಿದವರು ತೊಡೆಗೆ ತೊಡೆ ತಾಗಿಸಿ
ಹೋಳಿಗೆ ಉಂಡೆದ್ದದ್ದನ್ನು ಕಂಡಿದ್ದೇನೆ ರಾಣೇಬೆನ್ನೂರಿನಲ್ಲಿ.
ನೋಡಬೇಕಿಲ್ಲ, ನಗಬೇಕಿಲ್ಲ,
ತುಪ್ಪ ಬಂತೇ ಎಂದು ಕತ್ತೆತ್ತಿದರೆ ಸಾಕು.

ಬೆಳಿಗ್ಗೆ ಹೇಜಲ್‌ಗೆ ಫೋನು: ಉದ್ದ ಮೇಜು ಇದೆಯೇ?
ಗೋಡೆಗೆ ಮುಖ ಮಾಡಿ ಒಂದೇ ಬದಿಗೆ ಕುರ್ಚಿ ಹಾಕಬಹುದೇ?
ಅತ್ತ ಒಂದು ಗಳಿಗೆ ಮೌನ. ಆಮೇಲೆ,
‘ಅಯ್ಯೋ, ಈಗ ಎಲ್ಲರೂ ಕೇಳುವುದು ಅದನ್ನೇ!
ಹಾರ್ವೆಸ್ಟ್ ಟೇಬಲ್! ತಲೆಗೆ ಆರು ಪೌಂಡ್ ಹೆಚ್ಚು.’
ಹಿರಿಯರ ಬುದ್ಧಿಗೆ ವ್ಯಾಟ್ ಬೇರೆ.

ಮದುವೆಯ ದಿನ ಮೋಡದ ಯಂತ್ರಕ್ಕೆ ಅಲಾರಂ ಹೊಡೆದು
ನೂರೆಂಬತ್ತು ಜನ ತುಂತುರಿನಲ್ಲಿ ಕಾರ್‌ಪಾರ್ಕಿಗೆ ಹೋಗಿ ಬಂದೆವು.
ಬಾಸಿಂಗ ಸ್ವಲ್ಪ ನೆನೆಯಿತು. ಫೈರಿನವರಿಗೂ ಊಟ ಹಾಕಿದೆವು.

ಬಡಿಸುವ ನೆವದಲ್ಲಿ ನಾನು ಹಿಂದೆಯೇ ನಿಂತಿದ್ದೆ.
ಗುರುಸಿದ್ದಪ್ಪ ಭಾವ ಗೋಡೆಯ ಇಟ್ಟಿಗೆಗೆ ಹೇಳಿದರು:
‘ಎಣಗಾಯಿಗೆ ಉಪ್ಪು ಸಾಲದು.’
ಇಟ್ಟಿಗೆ ಏನೂ ಅನ್ನಲಿಲ್ಲ.
ಸ್ವಲ್ಪ ಹೊತ್ತಿಗೆ ಮಲ್ಲೇಶಪ್ಪ ಭಾವನ ಎಡಗೈ
ಉಪ್ಪಿನ ಬಟ್ಟಲನ್ನು ನಾಲ್ಕು ಬೆರಳು ಆಚೆ ಸರಿಸಿತು,
ಕಣ್ಣು ಎಲೆಯ ಮೇಲೇ.

ಕಲಾವಿದನ ಚಿತ್ರದ ತುಂಬ ಬರೀ ಬೆನ್ನು.
ನಿಹಾರಿಕಾಗೆ ಸಿಟ್ಟು, ದುಡ್ಡು ವಾಪಸು ಕೇಳೋಣ ಅಂದಳು.
ಬೇಡ, ನನಗೆ ಕೊಡು ಅಂದೆ.
ಈಗ ನಮ್ಮ ಮೆಟ್ಟಿಲ ಬಳಿ ತೂಗುತ್ತಿದೆ.
ಎಡದಿಂದ ಐದನೆಯದು, ಆರನೆಯದು: ಎರಡು ಬೋಳುತಲೆ.
ನಡುವೆ ಒಂದು ಬಿಳಿಯ ಚುಕ್ಕೆ,
ಉಪ್ಪಿನ ಬಟ್ಟಲೋ, ಕುಂಚ ಕೊಡವಿದಾಗ ಸಿಡಿದ ಬಣ್ಣವೋ,
ಕನ್ನಡಕ ಹಾಕಿಕೊಂಡು ನೋಡಿದರೂ ತಿಳಿಯುವುದಿಲ್ಲ.